ಒಮ್ಮೊಮ್ಮೆ ಬೂಟ್ ಆಗುತ್ತದೆ, ಒಮ್ಮೊಮ್ಮೆ ಇಲ್ಲ: ಕರ್ನಲ್ ಡಿಸ್ಕ್ ಹುಡುಕುವಾಗ ಎಡವುವುದೆಲ್ಲಿ?

ಯಾವತ್ತೂ ಬೂಟ್ ಆಗದ ಯಂತ್ರವನ್ನು ಸರಿಮಾಡುವುದು ಸುಲಭ. ಕೇಬಲ್ ಸಡಿಲವಾಗಿರುತ್ತದೆ, ಡಿಸ್ಕ್ ಸತ್ತಿರುತ್ತದೆ, ಇಲ್ಲವೇ ಡ್ರೈವರ್ ಇರುವುದಿಲ್ಲ. ತಲೆ ತಿನ್ನುವುದು ಇನ್ನೊಂದು ಬಗೆಯದು. ಎಷ್ಟೋ ದಿನ ಸರಿಯಾಗಿ ಏಳುತ್ತದೆ, ಯಾವತ್ತೋ ಒಮ್ಮೆ ರೂಟ್ ಡಿಸ್ಕ್ (ಸಿಸ್ಟಮ್ ಇರುವ ಡಿಸ್ಕ್) ಸಿಗಲಿಲ್ಲ ಅಂತ ಕೂತುಬಿಡುತ್ತದೆ. ಆಫ್ ಮಾಡಿ ಆನ್ ಮಾಡಿದರೆ ಏನೂ ಆಗೇ ಇಲ್ಲ ಎನ್ನುವ ಹಾಗೆ ಬರುತ್ತದೆ. ಎಲ್ಲರೂ ಮೊದಲು ಡಿಸ್ಕ್ ಮೇಲೆ ಅನುಮಾನ ಪಡುತ್ತಾರೆ, ಹೊಸದು ಹಾಕಿಸುತ್ತಾರೆ. ಸ್ವಲ್ಪ ದಿನ ಬಿಟ್ಟು ಮತ್ತೆ ಅದೇ ಕಥೆ.

ಲಿನಕ್ಸ್ ಕರ್ನಲ್ (ಆಪರೇಟಿಂಗ್ ಸಿಸ್ಟಮಿನ ತಿರುಳು) ಡಿಸ್ಕುಗಳನ್ನು ಒಂದಾದ ಮೇಲೆ ಒಂದರಂತೆ ಹುಡುಕುವುದನ್ನು ಬಿಟ್ಟು ಬಹಳ ವರ್ಷವಾಯಿತು. ಬೂಟ್ ಬೇಗ ಆಗಲಿ ಅಂತ ಹುಡುಕುವ ಕೆಲಸವನ್ನು ಹಿನ್ನೆಲೆಗೆ ತಳ್ಳಿ ತಾನು ಮುಂದೆ ಹೋಗುತ್ತದೆ. ಇದೇ ಅಸಿಂಕ್ರೊನಸ್ ಪತ್ತೆ. ಹೀಗೆ ತಳ್ಳಿದ ಕೆಲಸ ಮುಗಿಯಿತೋ ಇಲ್ಲವೋ ಅಂತ ಎಲ್ಲೋ ಒಂದು ಕಡೆ ಯಾರೋ ಕಾಯಲೇಬೇಕು. ಆ ಕಾಯುವಿಕೆ ತಪ್ಪಿಹೋದ ಜಾಗ ಹುಡುಕುವುದು ಹೇಗೆ, ಆಮೇಲೆ ಕೋಡ್ ಓದುವಾಗ ಏನು ನೋಡಬೇಕು ಅನ್ನುವುದಷ್ಟೇ ಈ ಬರಹ. ಫಂಕ್ಷನ್ ಹೆಸರುಗಳನ್ನು ಉಚ್ಚಾರದಂತೆ ಬರೆದಿದ್ದೇನೆ. ಕೋಡ್‌ನಲ್ಲಿ ಪದಗಳ ನಡುವೆ ಅಂಡರ್‌ಸ್ಕೋರ್ ಇರುತ್ತದೆ.

ಮೊದಲು ಪರದೆಯ ಫೋಟೋ

ಬಾಗಲಕೋಟೆ ಜಿಲ್ಲೆಯ ಒಂದು ಸಕ್ಕರೆ ಕಾರ್ಖಾನೆಯ ಕಾಟಾ ಕಂಪ್ಯೂಟರಿನ ಉದಾಹರಣೆ ತೆಗೆದುಕೊಳ್ಳೋಣ. ಕಬ್ಬಿನ ಟ್ರ್ಯಾಕ್ಟರ್ ಕಾಟಾ ಮೇಲೆ ನಿಂತಾಗ ತೂಕ ಹಿಡಿದು ಚೀಟಿ ಮುದ್ರಿಸುವ ಯಂತ್ರ ಅದು. ಒಳಗೆ ಎರಡು ಸಾಟಾ ಡಿಸ್ಕ್. ಒಂದು ಎಸ್‌ಎಸ್‌ಡಿ, ಅದರ ಎರಡನೇ ಪಾರ್ಟಿಷನ್‌ನಲ್ಲಿ ಸಿಸ್ಟಮ್. ಇನ್ನೊಂದು ದೊಡ್ಡ ಹಾರ್ಡ್ ಡಿಸ್ಕ್, ಒಂದೇ ಪಾರ್ಟಿಷನ್, ಅದರಲ್ಲಿ ಚೀಟಿ ಮತ್ತು ಗಾಡಿಗಳ ಫೋಟೋ. ಬೇಗ ಏಳಲಿ ಅಂತ ಇನಿಟ್‌ರಾಮ್‌ಎಫ್‌ಎಸ್ (ರೂಟ್ ಡಿಸ್ಕ್ ಸಿಗುವ ತನಕ ಮೆಮೊರಿಯಿಂದ ಓಡುವ ಪುಟ್ಟ ಸಿಸ್ಟಮ್) ಇಲ್ಲದೆ ಕರ್ನಲ್ ಕಟ್ಟಿದ್ದರು. ಹಂಗಾಮು ಶುರುವಾಗುವ ಮೊದಲು ಹಳೇ ಕರ್ನಲ್ ತೆಗೆದು ಹೊಸದು ಹಾಕಿದ್ದರು.

‘ಸರ, ಮುಂಜಾನೆ ಒಮ್ಮೊಮ್ಮೆ ಹಿಂಗ ನಿಂತಬಿಡ್ತದರಿ. ಆಫ್ ಮಾಡಿ ಹಚ್ಚಿದ್ರ ಬರ್ತದ. ಹೊರಗ ಗಾಡಿ ಪಾಳಿ ಹಚ್ಚಿ ನಿಂತಾವು’ ಅಂತ ಕಾಟಾ ನೋಡಿಕೊಳ್ಳುವವರು ಫೋನ್ ಮಾಡಿದರು.

‘ಆಫ್ ಮಾಡಬ್ಯಾಡ್ರಿ. ಪರದೆ ಮ್ಯಾಲ ಏನ್ ಬಂದದ, ಮೊದಲ ಒಂದ್ ಫೋಟೋ ಹೊಡದ ಕಳಸ್ರಿ.’

ಈ ಒಂದು ಫೋಟೋ ಅರ್ಧ ಕೆಲಸ ಮುಗಿಸುತ್ತದೆ. ರೀಬೂಟ್ ಮಾಡಿದರೆ ಸಾಕ್ಷಿ ಹೋಯಿತು. ರೂಟ್ ಡಿಸ್ಕೇ ಸಿಗದ ಮೇಲೆ ಲಾಗ್ ಎಲ್ಲಿ ಉಳಿಯಬೇಕು? ಸೀರಿಯಲ್ ಪೋರ್ಟ್ ಇದ್ದರೆ ಇನ್ನೂ ಒಳ್ಳೆಯದು. ಕನ್ಸೋಲನ್ನು ಅದಕ್ಕೆ ತಿರುಗಿಸಿ, ಪಕ್ಕದ ಲ್ಯಾಪ್‌ಟಾಪ್‌ನಲ್ಲಿ ಎಲ್ಲ ಸಾಲೂ ಹಿಡಿದಿಟ್ಟುಕೊಳ್ಳಬಹುದು.

ಫೋಟೋದಲ್ಲಿ ಕೊನೆಯ ಸಾಲು ‘ವೇಟಿಂಗ್ ಫಾರ್ ರೂಟ್ ಡಿವೈಸ್ /ಡೆವ್/ಎಸ್‌ಡಿಎ2’. ಅಂದರೆ ಮೊದಲ ಡಿಸ್ಕಿನ (ಎಸ್‌ಡಿಎ) ಎರಡನೇ ಪಾರ್ಟಿಷನ್‌ಗೆ ಕಾಯುತ್ತಿದೆ. ಅದಕ್ಕೂ ಸ್ವಲ್ಪ ಮೇಲೆ ಎರಡು ಸಣ್ಣ ಸಾಲು: ‘ಎಸ್‌ಡಿಎ: ಎಸ್‌ಡಿಎ1’ ಮತ್ತು ‘ಎಸ್‌ಡಿಬಿ: ಎಸ್‌ಡಿಬಿ1 ಎಸ್‌ಡಿಬಿ2’. ಗಮನಿಸಿದಿರಾ? ಎರಡೂ ಡಿಸ್ಕ್ ಸಿಕ್ಕಿವೆ. ಎರಡೂ ಚೆನ್ನಾಗಿವೆ. ಹೆಸರು ಮಾತ್ರ ಅದಲು ಬದಲಾಗಿದೆ. ಕರ್ನಲ್ ಕಾಯುತ್ತಿರುವ ಎಸ್‌ಡಿಎ2 ಆ ಬೂಟ್‌ನಲ್ಲಿ ಬರುವುದೇ ಇಲ್ಲ.

ಬೂಟ್ ಸಾಲಿನಲ್ಲಿ (ಏಳುವಾಗ ಕರ್ನಲ್‌ಗೆ ಕೊಡುವ ಆಯ್ಕೆಗಳ ಸಾಲು) ಹಿಂದೆ ಯಾರೋ ‘ರೂಟ್‌ಡಿಲೇ=10’ ಮತ್ತು ‘ರೂಟ್‌ವೇಟ್’ ಎರಡನ್ನೂ ಸೇರಿಸಿ ಹೋಗಿದ್ದರು. ರೂಟ್‌ಡಿಲೇ ಅಂದರೆ ಸುಮ್ನೆ ಅಷ್ಟು ಸೆಕೆಂಡ್ ಮಲಗು. ರೂಟ್‌ವೇಟ್ ಅಂದರೆ ಡಿಸ್ಕ್ ಬರುವ ತನಕ ಎಷ್ಟು ಹೊತ್ತಾದರೂ ಕಾಯಿ. ಯುಎಸ್‌ಬಿ, ಎಂಎಂಸಿಯಂಥ ತಡವಾಗಿ ಕಾಣಿಸುವ ಡಿಸ್ಕುಗಳಿಗೆ ರೂಟ್‌ವೇಟ್ ಬೇಕೇ ಬೇಕು. ಇಲ್ಲಿ ಮಾತ್ರ ಅದು ರೋಗವನ್ನು ಮುಚ್ಚಿಟ್ಟಿತು. ಇಲ್ಲದಿದ್ದರೆ ಕರ್ನಲ್ ಪ್ಯಾನಿಕ್ ಆಗಿ (ಮುಂದೆ ಹೋಗಲಾರದೆ ನಿಂತು), ತನಗೆ ಕಂಡ ಪಾರ್ಟಿಷನ್‌ಗಳ ಪಟ್ಟಿಯನ್ನೇ ಪರದೆಗೆ ಹಾಕುತ್ತಿತ್ತು.

ಆ ಪ್ಯಾನಿಕ್ ಸಂದೇಶದ ಕೊನೆಯಲ್ಲಿ ಬರುವ ‘ಅನ್‌ನೋನ್ ಬ್ಲಾಕ್’ ಪಕ್ಕದ ಎರಡು ಅಂಕಿಗಳನ್ನು ಜನ ಓದುವುದೇ ಇಲ್ಲ. ಓದಿ. 0,0 ಅಂತಿದ್ದರೆ ನೀವು ಕೊಟ್ಟ ಹೆಸರಿಗೆ ಯಾವ ಡಿಸ್ಕೂ ಹೊಂದಲಿಲ್ಲ. ಹೆಸರು ತಪ್ಪು, ಇಲ್ಲವೇ ಡಿಸ್ಕ್ ಇನ್ನೂ ಬಂದಿಲ್ಲ. 8,2 ಅಂತಿದ್ದರೆ ಎಸ್‌ಡಿಎ2 ಸಿಕ್ಕಿದೆ, ಒಳಗಿನ ಫೈಲ್‌ಸಿಸ್ಟಮ್ ಓದಲು ಆಗಲಿಲ್ಲ. 8 ಅನ್ನುವುದು ಸ್ಕಸಿ ಡಿಸ್ಕಿನ ಮೇಜರ್ ಸಂಖ್ಯೆ, ಅಂದರೆ ಯಾವ ಡ್ರೈವರ್ ಅನ್ನುವ ಗುರುತು (ಸಾಟಾ ಡಿಸ್ಕೂ ಲಿನಕ್ಸ್‌ನಲ್ಲಿ ಸ್ಕಸಿ ಪದರದ ಮೂಲಕವೇ ಬರುತ್ತದೆ). ಒಂದೊಂದು ಡಿಸ್ಕಿಗೆ 16 ಮೈನರ್ ಸಂಖ್ಯೆ, ಹಾಗಾಗಿ 8,17 ಅಂದರೆ ಎಸ್‌ಡಿಬಿ1. ಎರಡನೇ ಬಗೆಯ ತೊಂದರೆಗೂ ಅಸಿಂಕ್‌ಗೂ ಸಂಬಂಧವಿಲ್ಲ. ಆಗ ಕರ್ನಲ್ ಕಾನ್ಫಿಗ್‌ನಲ್ಲಿ ಎಕ್ಸ್ಟ್4 ಫೈಲ್‌ಸಿಸ್ಟಮಿನ ಡ್ರೈವರ್ ಒಳಗೇ ಇದೆಯಾ ನೋಡಿ.

ಇನಿಟ್‌ರಾಮ್‌ಎಫ್‌ಎಸ್ ಇರುವ ಯಂತ್ರವಾದರೆ

ಉಬುಂಟು, ಡೆಬಿಯನ್ ಹಾಕಿದ ಯಂತ್ರಗಳು ಸಾಮಾನ್ಯವಾಗಿ 30 ಸೆಕೆಂಡ್ ಕಾದು, ಸೋತು, ಇನಿಟ್‌ರಾಮ್‌ಎಫ್‌ಎಸ್ ಪ್ರಾಂಪ್ಟ್‌ಗೆ ಇಳಿಸುತ್ತವೆ. ಇದು ಶಿಕ್ಷೆಯಲ್ಲ, ಒಳ್ಳೇ ಅವಕಾಶ. ಕರ್ನಲ್ ಇನ್ನೂ ಓಡುತ್ತಿದೆ, ಕೇಳಿದ್ದಕ್ಕೆ ಉತ್ತರ ಕೊಡುತ್ತದೆ.

ಮೊದಲು ‘/ಪ್ರೋಕ್/ಪಾರ್ಟಿಷನ್ಸ್’ ನೋಡಿ. ಡಿಸ್ಕ್ ಅಲ್ಲಿದ್ದು, ‘/ಡೆವ್/ಡಿಸ್ಕ್/ಬೈ-ಯುಯುಐಡಿ’ ಒಳಗೂ ಅದರ ಹೆಸರಿದ್ದರೆ ಅದು ಬಂದಿದೆ, ತಡವಾಗಿ ಬಂದಿದೆ ಅಷ್ಟೇ. ‘ಎಕ್ಸಿಟ್’ ಅಂತ ಟೈಪ್ ಮಾಡಿದರೆ ಬೂಟ್ ಮುಂದುವರಿಯುತ್ತದೆ. ಮುಂದುವರಿದರೆ ನಿಮ್ಮ ರೋಗ ಕಾಯುವಿಕೆಯದೇ ಅಂತ ಖಾತ್ರಿ. ಪಾರ್ಟಿಷನ್ಸ್‌ನಲ್ಲಿದೆ ಆದರೆ ಬೈ-ಯುಯುಐಡಿಯಲ್ಲಿ ಇಲ್ಲ ಅಂದರೆ ಕರ್ನಲ್ ತನ್ನ ಕೆಲಸ ಮುಗಿಸಿದೆ, ತಡವಿರುವುದು ಯುಡೆವ್ (ಸಾಧನಗಳಿಗೆ ಇಂಥ ಹೆಸರು ಜೋಡಿಸುವ ಪ್ರೋಗ್ರಾಮ್) ಕಡೆ. ಪಾರ್ಟಿಷನ್ಸ್‌ನಲ್ಲೇ ಇಲ್ಲ ಅಂದರೆ ಡಿಮೆಸ್ಗ್‌ಗೆ (ಕರ್ನಲ್ ಸಂದೇಶಗಳನ್ನು ತೋರಿಸುವ ಆದೇಶ) ಹೋಗಬೇಕು.

ಡಿಮೆಸ್ಗ್‌ನಲ್ಲಿ ಒಂದು ಸಾಟಾ ಡಿಸ್ಕಿನ ಹಾದಿ ಹೀಗಿರುತ್ತದೆ. ಮೊದಲು ‘ಎಟಿಎ1: ಸಾಟಾ ಲಿಂಕ್ ಅಪ್’. ಆಮೇಲೆ ಡಿಸ್ಕಿನ ಮಾಡೆಲ್ ಹೆಸರು. ಆಮೇಲೆ ‘ಸ್ಕಸಿ 0:0:0:0: ಡೈರೆಕ್ಟ್ ಆಕ್ಸೆಸ್’. ಆಮೇಲೆ ಬ್ಲಾಕ್‌ಗಳ ಲೆಕ್ಕ, ಪಾರ್ಟಿಷನ್‌ಗಳ ಸಾಲು. ಕೊನೆಗೆ ‘ಅಟ್ಯಾಚ್ಡ್ ಸ್ಕಸಿ ಡಿಸ್ಕ್’. ಈ ಕೊನೆಯ ಸಾಲು ಬಂದರೆ ಡಿಸ್ಕ್ ಬಂದ ಹಾಗೆ. ಯಾವ ಸಾಲಿಗೆ ನಿಂತಿದೆಯೋ ಆ ಪದರದಲ್ಲೇ ತೊಂದರೆ. ಲಿಂಕ್ ಸಾಲೇ ಬರದಿದ್ದರೆ, ಇಲ್ಲವೇ ‘ಲಿಂಕ್ ಈಸ್ ಸ್ಲೋ ಟು ರೆಸ್ಪಾಂಡ್’ ಅಂತ ಬರುತ್ತಿದ್ದರೆ, ಕೋಡ್ ಓದುತ್ತಾ ಕೂರಬೇಡಿ. ಕೇಬಲ್ ಮತ್ತು ಎಸ್‌ಎಂಪಿಎಸ್ ನೋಡಿ. ‘ಸ್ಪಿನ್ನಿಂಗ್ ಅಪ್ ಡಿಸ್ಕ್’ ಅಂತ ಚುಕ್ಕಿ ಚುಕ್ಕಿ ಬರುತ್ತಿದ್ದರೆ ಡಿಸ್ಕ್ ತಿರುಗಲು ಒದ್ದಾಡುತ್ತಿದೆ. ಕರ್ನಲ್ ಅದಕ್ಕೆ 100 ಸೆಕೆಂಡ್ ತನಕ ಬಿಡುತ್ತದೆ.

ಸಾಲಿನ ಶುರುವಿನಲ್ಲಿರುವ ಹೊತ್ತಿನ ಮುದ್ರೆಗಳನ್ನೂ (ಟೈಮ್‌ಸ್ಟ್ಯಾಂಪ್) ನೋಡಿ. ಹಲವು ಡಿಸ್ಕುಗಳ ಸಾಲುಗಳು ಒಂದರೊಳಗೊಂದು ಹೆಣೆದುಕೊಂಡಿರುತ್ತವೆ, ಆದ್ದರಿಂದ ಮೇಲಿಂದ ಕೆಳಗೆ ಓದಿದರೆ ತಲೆ ಕೆಡುತ್ತದೆ. ಒಂದು ಡಿಸ್ಕಿನ ವಿಳಾಸ (0:0:0:0 ಥರದ್ದು) ಹಿಡಿದು ಗ್ರೆಪ್ ಮಾಡಿ, ಅಂದರೆ ಅದಿರುವ ಸಾಲಷ್ಟೇ ಹುಡುಕಿ ತೆಗೆದು, ಸಾಲುಗಳ ನಡುವಿನ ಅಂತರ ನೋಡಿ. 20 ಸೆಕೆಂಡಿನ ಗ್ಯಾಪ್ ಕಂಡರೆ ಇನ್‌ಕ್ವೈರಿ (ನೀನು ಯಾರು ಅಂತ ಕೇಳುವ) ಆದೇಶಕ್ಕೆ ಯಾವುದೋ ಸಾಧನ ಉತ್ತರ ಕೊಟ್ಟಿಲ್ಲ ಅಂತ ಅನುಮಾನಿಸಬಹುದು. ಸ್ಕಸಿ ಪದರದಲ್ಲಿ ಅದರ ಟೈಮ್‌ಔಟ್ ಪೂರ್ವನಿಗದಿಯಾಗಿ 20 ಸೆಕೆಂಡ್. ಬೂಟ್ ಸಾಲಿಗೆ ‘ಇನಿಟ್‌ಕಾಲ್ ಡೀಬಗ್’ ಸೇರಿಸಿದರೆ ಯಾವ ಪ್ರೋಬ್ (ಡ್ರೈವರ್ ಸಾಧನವನ್ನು ಪರೀಕ್ಷಿಸಿ ವಹಿಸಿಕೊಳ್ಳುವ ಹಂತ) ಎಷ್ಟು ಮೈಕ್ರೊಸೆಕೆಂಡ್ ತಿಂದಿತು ಅನ್ನುವುದೂ ಸಿಗುತ್ತದೆ.

ಯಂತ್ರ ಪೂರ್ತಿ ನಿಂತೇ ಹೋಗಿದ್ದರೆ ಆಲ್ಟ್, ಸಿಸ್ಆರ್‌ಕ್ಯೂ, ಡಬ್ಲ್ಯೂ ಮೂರನ್ನೂ ಒಟ್ಟಿಗೆ ಒತ್ತಿ. ಯಾರು ಎಲ್ಲಿ ಕಾಯುತ್ತಾ ನಿಂತಿದ್ದಾರೆ ಅನ್ನುವ ಸ್ಟ್ಯಾಕ್ (ಫಂಕ್ಷನ್ ಕರೆಗಳ ಪಟ್ಟಿ) ಬರುತ್ತದೆ. ಅದರಲ್ಲಿ ‘ವೇಟ್ ಫಾರ್ ರೂಟ್’ ಕಂಡರೆ ಹೆಸರಿನ ಸಮಸ್ಯೆ, ಇಲ್ಲವೇ ಡಿಸ್ಕ್ ನಿಜವಾಗಿಯೂ ಇಲ್ಲ. ‘ಅಸಿಂಕ್ ಸಿಂಕ್ರೊನೈಸ್’ ಅಂತ ಶುರುವಾಗುವ ಹೆಸರು ಕಂಡರೆ ಹಿನ್ನೆಲೆಯ ಕೆಲಸಗಾರ ಯಾರೋ ಸಿಕ್ಕಿಹಾಕಿಕೊಂಡಿದ್ದಾನೆ. ಅವನ ಸ್ಟ್ಯಾಕ್ ಅದೇ ಪಟ್ಟಿಯಲ್ಲಿ ಕೆಳಗೆ ಇರುತ್ತದೆ, ಹುಡುಕಿ.

ಹೆಸರು ಯಾಕೆ ಅದಲು ಬದಲಾಯಿತು?

ಕಾಟಾ ಕಂಪ್ಯೂಟರಿನ ಫೋಟೋ ಸಿಕ್ಕ ಮೇಲೆ ಬೆಳಗಾವಿಯಲ್ಲಿ ನಾವು ಮೂರ್ನಾಲ್ಕು ಜನ ಕೂತು ಕೋಡ್ ತೆರೆದೆವು. ನಮ್ಮ ಮೊದಲ ಪ್ರಶ್ನೆ, ಹಳೇ ಕರ್ನಲ್‌ನಲ್ಲಿ ಯಾಕೆ ಹೀಗೆ ಆಗುತ್ತಿರಲಿಲ್ಲ?

ಸಾಟಾ ನೋಡಿಕೊಳ್ಳುವ ಲಿಬಾಟಾದಲ್ಲಿ ‘ಅಸಿಂಕ್ ಪೋರ್ಟ್ ಪ್ರೋಬ್’ ಅಂತ ಒಂದು ಸಣ್ಣ ಫಂಕ್ಷನ್ ಇದೆ. ಎಲ್ಲ ಪೋರ್ಟ್‌ಗಳನ್ನೂ ಒಟ್ಟಿಗೆ ಎಬ್ಬಿಸುತ್ತದೆ. ಆದರೆ ಡಿಸ್ಕನ್ನು ಸ್ಕಸಿ ಪದರಕ್ಕೆ ಒಪ್ಪಿಸುವ ಮೊದಲು ನಿಂತು, ತನಗಿಂತ ಮುಂಚೆ ಹೊರಟ ಪೋರ್ಟ್‌ಗಳೆಲ್ಲ ಮುಗಿಯಲಿ ಅಂತ ಕಾಯುತ್ತದೆ. ಸಾಧನಗಳ ಕ್ರಮ ಉಳಿಯಲು ಇಲ್ಲಿ ಕಾಯಬೇಕು ಅಂತ ಅಲ್ಲೇ ಟಿಪ್ಪಣಿಯೂ ಇದೆ. ಇಷ್ಟು ಓದಿದರೆ ಮೊದಲ ಪೋರ್ಟಿನದೇ ಎಸ್‌ಡಿಎ ಆಗಬೇಕು ಅನ್ನಿಸುತ್ತದೆ, ಅಲ್ವಾ?

ಹೆಸರು ಕೊಡುವವನು ಲಿಬಾಟಾ ಅಲ್ಲ. ಅವನು ಇನ್ನೂ ಮುಂದೆ, ಎಸ್‌ಡಿ ಡ್ರೈವರ್‌ನಲ್ಲಿ ಕೂತಿದ್ದಾನೆ. ‘ಎಸ್‌ಡಿ ಪ್ರೋಬ್’ ಫಂಕ್ಷನ್ ಶುರುವಾದ ಸ್ವಲ್ಪ ಹೊತ್ತಿಗೇ ಖಾಲಿ ಇರುವ ಮೊದಲ ಸಂಖ್ಯೆ ಕೇಳುತ್ತದೆ. ಸೊನ್ನೆ ಸಿಕ್ಕರೆ ಎಸ್‌ಡಿಎ, ಒಂದು ಸಿಕ್ಕರೆ ಎಸ್‌ಡಿಬಿ. ಕಾರ್ಖಾನೆ ಗೇಟಿನಲ್ಲಿ ಗಾಡಿಗಳಿಗೆ ಟೋಕನ್ ಕೊಟ್ಟ ಹಾಗೆ. ಯಾವ ಊರಿನ ಗಾಡಿ ಅನ್ನುವುದಕ್ಕೆ ಬೆಲೆಯಿಲ್ಲ, ಯಾರು ಮೊದಲು ಗೇಟಿಗೆ ಬಂದರು ಅನ್ನುವುದೇ ಲೆಕ್ಕ. ಹಿಂದೆ ಈ ಸಂಖ್ಯೆ ಕೊಡುವ ಭಾಗ ಸಿಂಕ್ರೊನಸ್ ಆಗಿತ್ತು. ಡಿಸ್ಕಿನ ಗಾತ್ರ ಓದುವಂಥ ನಿಧಾನದ ಕೆಲಸ ಮಾತ್ರ ಹಿನ್ನೆಲೆಗೆ ಹೋಗುತ್ತಿತ್ತು. ಹೊಸ ಕರ್ನಲ್‌ಗಳಲ್ಲಿ ಎಸ್‌ಡಿ ಡ್ರೈವರ್ ತನ್ನ ಪ್ರೋಬನ್ನೇ ಪೂರ್ತಿ ಅಸಿಂಕ್ ಮಾಡಿಸಿಕೊಂಡಿದೆ. ‘ಪ್ರೋಬ್ ಪ್ರಿಫರ್ ಅಸಿಂಕ್ರೊನಸ್’ ಅನ್ನುವ ಒಂದೇ ಸಾಲು. ಲಿಬಾಟಾ ಕಷ್ಟಪಟ್ಟು ಉಳಿಸಿದ ಕ್ರಮ ಇಲ್ಲಿ ಕೈಬಿಟ್ಟು ಹೋಯಿತು. ಎರಡು ಕೆಲಸಗಾರರಲ್ಲಿ ಯಾರಿಗೆ ಸಿಪಿಯು ಮೊದಲು ಸಿಕ್ಕಿತೋ ಅವನದು ಎಸ್‌ಡಿಎ.

ಇದನ್ನು ದೋಷ ಅನ್ನಲು ನನಗೆ ಮನಸ್ಸಿಲ್ಲ. ಎಸ್‌ಡಿಎ ಅನ್ನುವ ಹೆಸರು ಖಾಯಂ ಅಂತ ಕರ್ನಲ್ ಮಾತು ಕೊಟ್ಟಿರಲಿಲ್ಲ. ನಾವೇ ಹಾಗಂತ ನಂಬಿ ಬೂಟ್ ಸಾಲಿನಲ್ಲಿ ಬರೆದುಕೊಂಡು ಬಂದೆವು.

ಎಷ್ಟೋ ಜನ ಕೊಡುವ ಒಂದು ಸಲಹೆಯನ್ನೂ ಇಲ್ಲೇ ನೋಡಿಬಿಡೋಣ. ಬೂಟ್ ಸಾಲಿನಲ್ಲಿ ಸ್ಕಸಿ ಮಾಡ್ಯೂಲಿನ ಸ್ಕ್ಯಾನ್ ಆಯ್ಕೆಯನ್ನು ‘ಸಿಂಕ್’ ಮಾಡಿ ಅನ್ನುತ್ತಾರೆ. ಅದು ಹೋಸ್ಟ್‌ಗಳನ್ನು (ಡಿಸ್ಕ್ ಜೋಡಿಸುವ ಕಂಟ್ರೋಲರ್‌ಗಳು) ಹುಡುಕುವ ಹಂತವನ್ನು ಮಾತ್ರ ಸಾಲಾಗಿ ನಡೆಸುತ್ತದೆ. ಎಸ್‌ಡಿ ಪ್ರೋಬ್ ಮೇಲೆ ಅದರ ಹಿಡಿತವಿಲ್ಲ. ‘ಡ್ರೈವರ್ ಅಸಿಂಕ್ ಪ್ರೋಬ್’ ಆಯ್ಕೆಯೂ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ತಾನಾಗಿ ಅಸಿಂಕ್ ಕೇಳಿಕೊಂಡ ಡ್ರೈವರನ್ನು ಅದು ವಾಪಸ್ ತಿರುಗಿಸುವುದಿಲ್ಲ.

ಒಬ್ಬ ನಿಂತರೆ ಎಲ್ಲರೂ ನಿಲ್ಲುತ್ತಾರೆ

ಹೆಸರಿನ ಗೊಂದಲಕ್ಕಿಂತ ಹುಡುಕಲು ಕಷ್ಟವಾದದ್ದು ಇನ್ನೊಂದಿದೆ. ಸರಿಯಾಗಿರುವ ಡಿಸ್ಕ್ ತಡವಾಗಿ ಬರುತ್ತದೆ, ಕಾರಣ ಮಾತ್ರ ಬೇರೆ ಕಾರ್ಡಿನಲ್ಲಿ ಇರುತ್ತದೆ.

ಸ್ಕಸಿ ಸ್ಕ್ಯಾನ್ ಫೈಲ್‌ನಲ್ಲಿ ‘ಸ್ಕಸಿ ಪ್ರೆಪ್ ಅಸಿಂಕ್ ಸ್ಕ್ಯಾನ್’ ಮತ್ತು ‘ಸ್ಕಸಿ ಫಿನಿಶ್ ಅಸಿಂಕ್ ಸ್ಕ್ಯಾನ್’ ಅಂತ ಒಂದು ಜೋಡಿ ಇದೆ. ಹುಡುಕಲು ಹೊರಟ ಪ್ರತಿ ಹೋಸ್ಟೂ ಒಂದು ಪಟ್ಟಿಯ ಬಾಲಕ್ಕೆ ಸೇರಿಕೊಳ್ಳುತ್ತದೆ. ಹುಡುಕಾಟ ಒಟ್ಟಿಗೇ ನಡೆಯುತ್ತದೆ. ಸಿಕ್ಕ ಡಿಸ್ಕನ್ನು ಹೊರಗೆ ತೋರಿಸುವ ಮೊದಲು ಮಾತ್ರ ‘ಪ್ರಿವ್ ಫಿನಿಶ್ಡ್’ ಅನ್ನುವ ಕಂಪ್ಲೀಷನ್‌ಗೆ (ಮುಗಿಯಿತು ಅನ್ನುವ ಸಂಕೇತ) ಕಾಯುತ್ತದೆ. ಅಂದರೆ ಪಟ್ಟಿಯಲ್ಲಿ ತನ್ನ ಮುಂದಿರುವವನು ಮುಗಿಸಬೇಕು. ಮುಗಿಸಿದವನು ಹಿಂದಿನವನನ್ನು ಎಬ್ಬಿಸಿ ಹೋಗುತ್ತಾನೆ.

ಈಗ ಮುಂದಿರುವ ಹೋಸ್ಟ್ ಕೆಟ್ಟಿದೆ ಅಂದುಕೊಳ್ಳಿ. ಕೆಲವು ರೇಡ್ ಕಾರ್ಡ್‌ಗಳ (ಹಲವು ಡಿಸ್ಕನ್ನು ಒಂದಾಗಿಸುವವು) ಡ್ರೈವರ್‌ಗಳು ‘ಸ್ಕ್ಯಾನ್ ಫಿನಿಶ್ಡ್’ ಅನ್ನುವ ತಮ್ಮದೇ ಕಾಲ್‌ಬ್ಯಾಕ್ (ಕರ್ನಲ್ ವಾಪಸ್ ಕರೆಯುವ ಫಂಕ್ಷನ್) ಕೊಟ್ಟಿರುತ್ತವೆ. ಅದು ಹೌದು ಅನ್ನುವ ತನಕ ಸ್ಕಸಿ ಪದರ ಹತ್ತತ್ತು ಮಿಲಿಸೆಕೆಂಡ್ ಮಲಗಿ ಮತ್ತೆ ಮತ್ತೆ ಕೇಳುತ್ತಲೇ ಇರುತ್ತದೆ. ಎಷ್ಟು ಹೊತ್ತಾಯಿತು ಅನ್ನುವುದನ್ನೂ ಕಾಲ್‌ಬ್ಯಾಕ್‌ಗೆ ಕೊಡುತ್ತದೆ, ಆದರೆ ಸಾಕು ಅನ್ನುವುದು ಡ್ರೈವರ್ ಕೈಯಲ್ಲಿ. ಡ್ರೈವರ್ ಬರೆದವರು ಆ ಹೊತ್ತನ್ನು ನೋಡದೆ ಬಿಟ್ಟಿದ್ದರೆ, ಫರ್ಮ್‌ವೇರ್ ಮೌನವಾದ ದಿನ ಆ ಲೂಪ್ ಮುಗಿಯುವುದಿಲ್ಲ. ಹಿಂದೆ ನಿಂತ ಎಲ್ಲ ಹೋಸ್ಟ್‌ಗಳೂ ಕಾಯುತ್ತವೆ. ಲಿಬಾಟಾ ಈ ಪಟ್ಟಿಗೆ ಸೇರದಿದ್ದರೂ ತಪ್ಪಿಸಿಕೊಳ್ಳುವುದಿಲ್ಲ. ಅದು ಡಿಸ್ಕ್ ಸೇರಿಸಲು ಕರೆಯುವ ಫಂಕ್ಷನ್ ಕೂಡ, ನಡೆಯುತ್ತಿರುವ ಅಸಿಂಕ್ ಸ್ಕ್ಯಾನ್‌ಗಳು ಮುಗಿಯಲಿ ಅಂತ ಮೊದಲು ನಿಲ್ಲುತ್ತದೆ. ಹೀಗೆ ಮದರ್‌ಬೋರ್ಡಿನ ಸಾಟಾ ಡಿಸ್ಕ್ ಬರಲಿಲ್ಲ ಅಂತ ನೀವು ಅದರ ಕೇಬಲ್ ಬದಲಿಸುತ್ತಾ ಕೂತಿರುತ್ತೀರಿ. ತಪ್ಪು ಮಾಡಿದವನು ಪಕ್ಕದ ಸ್ಲಾಟಿನಲ್ಲಿ ಆರಾಮಾಗಿರುತ್ತಾನೆ. ಪರೀಕ್ಷೆ ಸುಲಭ. ಬಾಕಿ ಕಾರ್ಡ್, ಯುಎಸ್‌ಬಿ ಡಾಕ್ ಎಲ್ಲ ಕಿತ್ತು ಬೂಟ್ ಮಾಡಿ ನೋಡಿ.

ಕೋಡ್ ಪರಿಶೀಲಿಸುವಾಗ

ಅಸಿಂಕ್ ಕೆಲಸ ಕಂಡ ಕಡೆಯೆಲ್ಲ ನಾನು ಮೊದಲು ಕೇಳುವುದು ಇದನ್ನು ಯಾರು ಕಾಯುತ್ತಾರೆ ಅಂತ. ರೂಟ್ ಹುಡುಕುವ ಮೊದಲು ಕರ್ನಲ್ ‘ವೇಟ್ ಫಾರ್ ಡಿವೈಸ್ ಪ್ರೋಬ್’ ಕರೆಯುತ್ತದೆ. ಅದು ನಡೆಯುತ್ತಿರುವ ಪ್ರೋಬ್‌ಗಳಿಗೆ ಕಾಯುತ್ತದೆ, ಆಮೇಲೆ ‘ಅಸಿಂಕ್ ಸಿಂಕ್ರೊನೈಸ್ ಫುಲ್’ ಕರೆಯುತ್ತದೆ. ‘ಅಸಿಂಕ್ ಶೆಡ್ಯೂಲ್’ ಮೂಲಕ ಹೋದ ಕೆಲಸ ಈ ಬಲೆಗೆ ಬೀಳುತ್ತದೆ. ಡ್ರೈವರ್ ತಾನಾಗಿ ವರ್ಕ್‌ಕ್ಯೂಗೆ (ಆಮೇಲೆ ಮಾಡುವ ಕೆಲಸಗಳ ಸಾಲು) ಹಾಕಿದ ಕೆಲಸ ಬೀಳುವುದಿಲ್ಲ. ಯುಎಸ್‌ಬಿ ಸ್ಟೋರೇಜ್ ಹೀಗೇ ಮಾಡುತ್ತದೆ. ಸಾಧನ ಸಿಕ್ಕ ಮೇಲೆ ಪೂರ್ವನಿಗದಿಯಂತೆ ಒಂದು ಸೆಕೆಂಡ್ ಬಿಟ್ಟು ಸ್ಕ್ಯಾನ್ ಶುರು ಮಾಡುತ್ತದೆ. ಯುಎಸ್‌ಬಿ ರೂಟ್‌ಗೆ ರೂಟ್‌ವೇಟ್ ಬೇಕಾಗುವುದು ಇದಕ್ಕೇ. ಸ್ಕಸಿ ಸ್ಕ್ಯಾನ್ ಕೂಡ ಹಿಂದೆ ಬೇರೆ ಥ್ರೆಡ್‌ನಲ್ಲಿ ನಡೆಯುತ್ತಿತ್ತು. ಆಗ ಕಾಯುವುದಕ್ಕೆಂದೇ ‘ಸ್ಕಸಿ ವೇಟ್ ಸ್ಕ್ಯಾನ್’ ಅಂತ ಒಂದು ಮಾಡ್ಯೂಲ್ ಲೋಡ್ ಮಾಡಬೇಕಿತ್ತು.

ಕಾಯುವವನು ಸರಿಯಾದ ಕಡೆ ಕಾಯುತ್ತಿದ್ದಾನಾ ಅನ್ನುವುದಕ್ಕೆ ಕರ್ನಲ್ ಇತಿಹಾಸದಲ್ಲೇ ಒಂದು ಒಳ್ಳೇ ಪಾಠ ಇದೆ. ಮಾಡ್ಯೂಲ್ ಲೋಡ್ ಆದಾಗ ಅದರ ಅಸಿಂಕ್ ಕೆಲಸವೂ ಮುಗಿದ ಮೇಲೇ ಮಾಡ್‌ಪ್ರೋಬ್ (ಮಾಡ್ಯೂಲ್ ಲೋಡ್ ಮಾಡುವ ಆದೇಶ) ವಾಪಸ್ ಬರಬೇಕು ಅನ್ನುವುದು ನಿಯಮ. ಇದರಿಂದ ಒಂದು ಡೆಡ್‌ಲಾಕ್ ಆಗುತ್ತಿತ್ತು. ಡಿಸ್ಕಿನ ಅಸಿಂಕ್ ಪ್ರೋಬ್ ಒಳಗಿಂದಲೇ ಐಒ ಶೆಡ್ಯೂಲರ್ (ಡಿಸ್ಕಿನ ಓದು ಬರಹದ ಸರದಿ ನೋಡುವುದು) ಮಾಡ್ಯೂಲ್ ಕೇಳಲಾಗುತ್ತಿತ್ತು. ಆ ಮಾಡ್ಯೂಲ್ ಲೋಡ್ ಆಗುವಾಗ ಎಲ್ಲ ಅಸಿಂಕ್ ಕೆಲಸ ಮುಗಿಯಲಿ ಅಂತ ಕಾಯುತ್ತಿತ್ತು. ತನ್ನನ್ನು ಕರೆದವನಿಗೇ ಕಾದ ಹಾಗಾಯಿತು. 2013ರಲ್ಲಿ ಕರ್ನಲ್ ಡೆವಲಪರ್ ತೇಜುನ್ ಹಿಯೊ ಇದಕ್ಕೊಂದು ಪರಿಹಾರ ತಂದರು. ಅಸಿಂಕ್ ಕರೆದ ಥ್ರೆಡ್‌ಗೆ ಒಂದು ಗುರುತು ಹಚ್ಚುವುದು, ಗುರುತು ಇದ್ದರೆ ಮಾತ್ರ ಕಾಯುವುದು. ಓದಿದರೆ ಸರಿಯಾಗೇ ಇದೆ. ಆದರೆ ಪಿಸಿಐ ಪ್ರೋಬ್ ಕೆಲವು ಸಲ ಬೇರೆ ವರ್ಕರ್ ಥ್ರೆಡ್‌ನಲ್ಲಿ ನಡೆಯುತ್ತದೆ. ಗುರುತು ಆ ವರ್ಕರ್ ಮೇಲೆ ಬೀಳುತ್ತದೆ, ಮಾಡ್‌ಪ್ರೋಬ್ ಮೇಲೆ ಬೀಳುವುದಿಲ್ಲ. ಮಾಡ್‌ಪ್ರೋಬ್ ಕಾಯದೇ ವಾಪಸ್ ಬರುತ್ತದೆ. 2022ರಲ್ಲಿ ಆ ಬದಲಾವಣೆಯನ್ನೇ ಹಿಂದಕ್ಕೆ ತೆಗೆದರು. ಯಾವ ಥ್ರೆಡ್‌ನಲ್ಲಿ ಈ ಸಾಲು ಓಡುತ್ತದೆ ಅಂತ ಕೇಳದೆ ಅಸಿಂಕ್ ಕೋಡ್‌ಗೆ ಒಪ್ಪಿಗೆ ಕೊಡಬಾರದು ಅಂತ ನನಗೆ ಮನವರಿಕೆಯಾದದ್ದು ಇದನ್ನು ಓದಿದ ಮೇಲೆ.

ಉಳಿದವು ಬೇಗ ಹೇಳಬಹುದು. ಸ್ಕ್ಯಾನ್ ಹೊರಡುವಾಗ ಹೋಸ್ಟ್ ಮೇಲೆ ರೆಫರೆನ್ಸ್ (ಬಳಕೆಯಲ್ಲಿದೆ ಅನ್ನುವ ಗುರುತು) ತೆಗೆದುಕೊಂಡಿದ್ದಾರಾ, ಮುಗಿದಾಗ ಬಿಟ್ಟಿದ್ದಾರಾ? ಮಧ್ಯದಲ್ಲಿ ಯಾರೋ ಪೆನ್‌ಡ್ರೈವ್ ಕಿತ್ತರೆ? ಯುಎಸ್‌ಬಿ ಸ್ಟೋರೇಜ್ ತೆಗೆಯುವಾಗ ಬಾಕಿ ಇರುವ ಸ್ಕ್ಯಾನ್ ಕೆಲಸವನ್ನು ರದ್ದು ಮಾಡಿ, ಅದು ನಿಂತದ್ದು ಖಾತ್ರಿಯಾದ ಮೇಲೇ ಮುಂದೆ ಹೋಗುತ್ತದೆ. ಹೊಸ ಡ್ರೈವರ್‌ನಲ್ಲೂ ಅಂಥ ಸಾಲು ಹುಡುಕಿ. ಮೆಮೊರಿ ಸಿಗದೆ ಅರ್ಧಕ್ಕೆ ವಾಪಸ್ ಬರುವ ಹಾದಿಯಲ್ಲಿ ಕಂಪ್ಲೀಷನ್ ಮುಗಿಸದೆ ಬಿಟ್ಟಿದ್ದಾರಾ ನೋಡಿ. ಅಸಿಂಕ್ ಫಂಕ್ಷನ್ ಒಳಗೇ ‘ಅಸಿಂಕ್ ಸಿಂಕ್ರೊನೈಸ್ ಫುಲ್’ ಕಂಡರೆ ಅಲ್ಲೇ ತಡೆಯಿರಿ.

ಯಾರು ಮೊದಲು ಅನ್ನುವ ಈ ರೇಸ್ ಅನ್ನು ಮೇಜಿನ ಮೇಲೆ ತರಿಸಿಕೊಳ್ಳಲು ಕಾರ್ಖಾನೆಗೆ ಹೋಗಬೇಕಿಲ್ಲ. ಕೆಮುವಿನಲ್ಲಿ (ಕಂಪ್ಯೂಟರನ್ನೇ ಅನುಕರಿಸುವ ಪ್ರೋಗ್ರಾಮ್) ಎರಡು ಡಿಸ್ಕ್ ಕೊಟ್ಟು, ಪರೀಕ್ಷೆಯ ಕರ್ನಲ್‌ನಲ್ಲಿ ಎಸ್‌ಡಿ ಪ್ರೋಬ್ ಶುರುವಿಗೇ ಮೊದಲ ಡಿಸ್ಕಿಗೆ ಮಾತ್ರ ಅರ್ಧ ಸೆಕೆಂಡ್ ಮಲಗುವ ಸಾಲು ಹಾಕಿ. ಹೆಸರು ಪ್ರತಿ ಸಲವೂ ತಿರುಗುತ್ತದೆ. ‘ಸ್ಕಸಿ ಡೀಬಗ್’ ಮಾಡ್ಯೂಲ್ ರ‍್ಯಾಮ್‌ನಲ್ಲೇ ಸುಳ್ಳು ಡಿಸ್ಕ್ ಮಾಡಿ ಕೊಡುತ್ತದೆ, ಅದೂ ಉಪಯೋಗಕ್ಕೆ ಬರುತ್ತದೆ. ಲಾಕ್‌ಡೆಪ್ ಮತ್ತು ಕೆಎಎಸ್‌ಎಎನ್ (ಲಾಕ್ ಮತ್ತು ಮೆಮೊರಿ ತಪ್ಪುಗಳನ್ನು ಹಿಡಿಯುವ ಕರ್ನಲ್ ಆಯ್ಕೆಗಳು) ಆನ್ ಮಾಡಿಯೇ ಓಡಿಸಿ.

ಕಾಟಾಗೆ ಮಾಡಿದ್ದು

ರೂಟ್ ಆಯ್ಕೆಯಲ್ಲಿ ಎಸ್‌ಡಿಎ2 ತೆಗೆದು ಪಾರ್ಟ್‌ಯುಯುಐಡಿ (ಪಾರ್ಟಿಷನ್ನಿನ ಗುರುತಿನ ಸಂಖ್ಯೆ) ಹಾಕಿದೆವು. ಬಿಎಲ್‌ಕೆಐಡಿ ಆದೇಶ ಓಡಿಸಿದರೆ ಆ ಸಂಖ್ಯೆ ಸಿಗುತ್ತದೆ. ಇಲ್ಲಿ ಒಂದು ಎಚ್ಚರ. ಫೈಲ್‌ಸಿಸ್ಟಮಿನ ಯುಯುಐಡಿಯನ್ನು ಕರ್ನಲ್ ತಾನಾಗಿ ಓದುವುದಿಲ್ಲ. ಅದಕ್ಕೆ ಇನಿಟ್‌ರಾಮ್‌ಎಫ್‌ಎಸ್ ಬೇಕು. ಪಾರ್ಟಿಷನ್ ಪಟ್ಟಿಯಲ್ಲಿರುವ ಪಾರ್ಟ್‌ಯುಯುಐಡಿ ಕರ್ನಲ್‌ಗೆ ನೇರವಾಗಿ ಅರ್ಥವಾಗುತ್ತದೆ. ಈ ಎರಡನ್ನು ಅದಲು ಬದಲು ಮಾಡಿ ಬರೆದು ಮತ್ತೆ 0,0 ಪ್ಯಾನಿಕ್ ಕಂಡವರು ಕಡಿಮೆಯಿಲ್ಲ. ರೂಟ್‌ಡಿಲೇ ತೆಗೆದೆವು. ರೂಟ್‌ವೇಟ್ ಇರಲಿ ಅಂತ ಬಿಟ್ಟೆವು. ಎಫ್‌ಎಸ್‌ಟ್ಯಾಬ್‌ನಲ್ಲಿ (ಯಾವ ಡಿಸ್ಕನ್ನು ಎಲ್ಲಿ ಜೋಡಿಸಬೇಕು ಅನ್ನುವ ಪಟ್ಟಿ) ಚೀಟಿಗಳ ಡಿಸ್ಕಿಗೆ ಯುಯುಐಡಿ ಮತ್ತು, ಬಾರದಿದ್ದರೂ ಮುಂದೆ ಹೋಗು ಅನ್ನುವ ‘ನೋಫೇಲ್’ ಹಾಕಿದೆವು. ಇಲ್ಲದಿದ್ದರೆ ಆ ಡಿಸ್ಕ್ ಬಾರದ ದಿನ ಸಿಸ್ಟಮ್‌ಡಿ (ಉಳಿದ ಸೇವೆಗಳನ್ನು ಎಬ್ಬಿಸುವ ಪ್ರೋಗ್ರಾಮ್) 90 ಸೆಕೆಂಡ್ ಕಾದು ಎಮರ್ಜೆನ್ಸಿ ಮೋಡ್‌ಗೆ ಇಳಿಯುತ್ತದೆ.

ಇಷ್ಟಾದ ಮೇಲೂ ಒಂದು ಕೆಲಸ ಬಾಕಿ ಇರುತ್ತದೆ, ಅದನ್ನು ಯಂತ್ರ ಚೆನ್ನಾಗಿ ಓಡುವಾಗಲೇ ಮಾಡಬೇಕು. ‘/ಡೆವ್/ಎಸ್‌ಡಿ’ ಅನ್ನುವುದನ್ನು ‘/ಇಟಿಸಿ’, ಕ್ರಾನ್ ಪಟ್ಟಿಗಳು ಮತ್ತು ಸ್ಥಳೀಯ ಸ್ಕ್ರಿಪ್ಟ್‌ಗಳಲ್ಲೆಲ್ಲ ಗ್ರೆಪ್ ಮಾಡಿ. ಈ ಯಂತ್ರದಲ್ಲಿ ರಾತ್ರಿ ಬ್ಯಾಕಪ್ ಸ್ಕ್ರಿಪ್ಟ್ ಎಸ್‌ಡಿಬಿ1 ಮೌಂಟ್ ಮಾಡಿ ಆರ್‌ಸಿಂಕ್ ಓಡಿಸುತ್ತಿತ್ತು. ಅದು ಫೈಲ್ ನಕಲು ಮಾಡುವ ಆರ್‌ಸಿಂಕ್ ಬದಲು, ಡಿಸ್ಕಿಗೇ ನೇರವಾಗಿ ಬರೆಯುವ ಡಿಡಿ ಆಗಿದ್ದು, ಹೆಸರು ತಿರುಗಿದ ದಿನ ಸಿಸ್ಟಮ್ ಹೇಗೋ ಎದ್ದಿದ್ದರೆ, ಸಿಸ್ಟಮ್ ಇರುವ ಡಿಸ್ಕಿನ ಮೇಲೆಯೇ ಬರೆದುಬಿಡುತ್ತಿತ್ತು. ಅಂಥ ಸಾಲುಗಳಲ್ಲೆಲ್ಲ ‘/ಡೆವ್/ಡಿಸ್ಕ್/ಬೈ-ಐಡಿ’ ಒಳಗಿನ ಹೆಸರು ಹಾಕಿ. ಅದರಲ್ಲಿ ಡಿಸ್ಕಿನ ಮಾಡೆಲ್ ಮತ್ತು ಸೀರಿಯಲ್ ಸಂಖ್ಯೆ ಇರುತ್ತದೆ. ಡಿಸ್ಕಿನ ಮೇಲೆ ಅಂಟಿಸಿದ ಲೇಬಲ್ ಜೊತೆ ಹೋಲಿಸಿ ನೋಡಿಯೇ ಬರೆಯಿರಿ.